ಎಕ್ಸ್ ಇಸ್ಕೊಂಡು ಬಾ

ನಾನು ಒಂದು ಕರಿಹಲಗೆ. ಹೇಳುವುದೆಲ್ಲ ನಿಜ, ಸುಳ್ಳನ್ನು ಆಗಿಂದಾಗ ಒರೆಸುತ್ತಲೇ ಬಂದಿದ್ದಾರೆ.

ಬಡಿಗನೊಬ್ಬ ಸಾಗುವಾನಿಯ ಮೂರು ಹಲಗೆ ಜೋಡಿಸಿ ನನ್ನನ್ನು ಹುಟ್ಟಿಸಿದ. ಧಾರವಾಡ ಸೀಮೆಯ ಶಾಲೆಯೊಂದರ ಏಳನೇ ತರಗತಿಯ ಗೋಡೆಗೆ ಏರಿಸಿದರು. ಪ್ರತಿ ಶನಿವಾರ ಮಕ್ಕಳು ತೊಂಡೆ ಎಲೆಯನ್ನೂ ಇದ್ದಿಲನ್ನೂ ಅರೆದು ನನ್ನ ಮೈಗೆ ತಿಕ್ಕುತ್ತಿದ್ದರು. ನನಗದು ಅಭ್ಯಂಜನ, ಅವರ ಅಂಗಿಗೆ ಗ್ರಹಣ.

ನನ್ನ ಆ ಸ್ನಾನವನ್ನೇ ಗಣಿತದ ಹುದ್ದಾರ ಮಾಸ್ತರರು ಒಂದು ದಿನ ಲೆಕ್ಕವಾಗಿಸಿದರು: ಎಲೆಗೂ ಇದ್ದಿಲಿಗೂ ಅನುಪಾತ 2:3. ಎರಡೂ ಕೂಡಿ ನಲವತ್ತು ಹಿಡಿ. ಒಂದೊಂದು ಎಷ್ಟು?

ಫಕ್ಕೀರವ್ವ ಎದ್ದು ಬಂದು 'ಎಲೆ 2, ಇದ್ದಿಲು 3' ಎಂದು ಬರೆದಳು.

ಮಾಸ್ತರರು ಅವಳ ಕೀರಲು ದನಿಯನ್ನೇ ಎತ್ತಿಕೊಂಡು ಅಣಕಿಸಿದರು: "ಎರಡಾ... ಮೂರಾ... ಮುಗೀತ್ರಿ ಸರಾ! ಉಳಿದ ಮೂವತ್ತೈದು ಹಿಡಿ ನಿಮ್ಮಪ್ಪ ತಿಂದನೇನ?"

ತರಗತಿ ಬಿದ್ದು ಬಿದ್ದು ನಕ್ಕಿತು.

"ಎಕ್ಸ್ ಇಲ್ದ ಈ ಲೆಕ್ಕ ಆಗೂದಿಲ್ಲ. ಅಡಿಗಿ ಸಂಗವ್ವನ ಕಡೆ ಐತಿ, ಇಸ್ಕೊಂಡು ಬಾ. ಬರಿಗೈಲೆ ಬಂದಿ ಅಂದ್ರ ಇವತ್ತಿಂದ ಆರನೇ ಕ್ಲಾಸಿನ್ಯಾಗ, ನಿನ್ನ ತಮ್ಮನ ಬಾಜೂಕ ಕುಂಡ್ರಬೇಕು ನೋಡು."

ಅವಳು ನಂಬಿ ಬಿಸಿಯೂಟದ ಕೋಣೆಗೆ ಓಡಿದಳು. ಹುಡುಗರು ಬಾಯಿಗೆ ಕೈ ಒತ್ತಿಕೊಂಡು ಕಾದರು.

ಬಂದದ್ದು ಬರಿಗೈಯಲ್ಲಲ್ಲ. ಕೈಯಲ್ಲೊಂದು ತಗಡಿನ ಡಬ್ಬಿ.

"ಎಕ್ಸ್ ಅಂದ್ರ ಇದ ಇರಬೇಕು ಅಂದ್ಲು ಸರ, ಸಂಗವ್ವತ್ತಿ. ಅಕ್ಕಿಗೂ ಬ್ಯಾಳಿಗೂ ಅಳತಿ ಇದ ಡಬ್ಬಿನ ಅಂತ. ಇದರಾಗ ಎಷ್ಟು ಹಿಡಿ ಹಿಡೀತಾವ, ಆಕಿಗೂ ಗೊತ್ತಿಲ್ಲಂತ."

ನಗುವಿನ ನಡುವೆಯೇ ನನ್ನ ಮೇಲೆ ಬರೆದಳು:

2 ಡಬ್ಬಿ + 3 ಡಬ್ಬಿ = 40
5 ಡಬ್ಬಿ = 40
1 ಡಬ್ಬಿ = 8
ಎಲೆ 16, ಇದ್ದಿಲು 24.

ನಗು ನಿಂತಿತು. ಮಾಸ್ತರರ ಮುಖ ನನಗಿಂತ ಕಪ್ಪಾಯಿತು.

"ಡಬ್ಬಿ ಬರಿ ಅಂದಿದ್ನೇನ? ಎಕ್ಸ್ ಎಲ್ಲೈತಿ ಇದರಾಗ? ನಡಿ ಆರನೇ ಕ್ಲಾಸಿಗೆ, ಡಬ್ಬಿ ಫಕ್ಕೀರವ್ವಾ!"

"ಡಬ್ಬಿ! ಡಬ್ಬಿ!" ಹುಡುಗರು ಬೆಂಚು ಬಡಿದರು. ಅವಳು ಪಾಟಿಚೀಲ ಎತ್ತಿಕೊಂಡಳು.

ಎಷ್ಟೋ ವರ್ಷದ ಮೇಲೆ ನನ್ನ ಜಾಗಕ್ಕೆ ಹಸಿರು ಬೋರ್ಡು ಬಂತು. ನಾನೀಗ ಉಗ್ರಾಣದಲ್ಲಿ, ಮುರಿದ ಬೆಂಚುಗಳ ಹಿಂದೆ, ಗೋಡೆಗೆ ಮುಖ ಮಾಡಿ ನಿಂತಿದ್ದೇನೆ. ಮಕ್ಕಳ ಅಳು ಎಷ್ಟೋ ಕೇಳಿದ್ದೇನೆ, ಮರೆತೂ ಇದ್ದೇನೆ. ಮರೆಯಲಾಗದ್ದು ಅಂದು ಪಕ್ಕದ ಕೋಣೆಯಿಂದ ಕೇಳಿದ್ದು. "ಡಬ್ಬಿ ಅಕ್ಕ ಬಂದ್ಲು!" ಎಂದು ಆರನೇ ತರಗತಿ ಹೋ ಎಂದಿತು. ಅವಳ ತಮ್ಮನೂ ನಕ್ಕ. ಅವರೆಲ್ಲರಿಗಿಂತ ಜೋರಾಗಿ, ಅವರೆಲ್ಲ ನಿಲ್ಲಿಸಿದ ಮೇಲೂ, ನಗುತ್ತಿದ್ದವಳು ಫಕ್ಕೀರವ್ವ.