ನಿಮ್ಮ ಎಡಕ್ಕೆ ನೋಡಿ

"ನಿಮ್ಮ ಎಡಕ್ಕೆ ನೋಡಿ," ಎಂದಿತು ಲಾಂಚಿನ ಧ್ವನಿವರ್ಧಕ. ಇಪ್ಪತ್ತು ಜನ ಎಡಕ್ಕೆ ತಿರುಗಿದರು. ಎಡಕ್ಕೆ ಮಂಜು, ಮಂಜಿನೊಳಗೆ ಮಳೆ. ಆದರೂ ಒಬ್ಬಾತ ಫೋಟೋ ತೆಗೆದುಕೊಂಡ.

"ನೂರಿಪ್ಪತ್ತು ವರ್ಷಗಳಿಂದ ಒಂಟಿಯಾಗಿ ನಿಂತಿರುವ ಈ ದೀಪಸ್ತಂಭ ನಮ್ಮ ಉತ್ತರ ಕರಾವಳಿಯ ಹೆಮ್ಮೆ."

ಅವನು ಮಾತ್ರ ಪಕ್ಕದಲ್ಲಿ ಕುಳಿತ ಮಗಳ ಮುಖವನ್ನೇ ನೋಡುತ್ತಿದ್ದ. ಆ ದನಿ ಅವನದೇ. ಆರು ವರ್ಷದ ಹಿಂದೆ ಸ್ಟುಡಿಯೋದ ಗಾಜಿನ ಗೂಡಿನಲ್ಲಿ, ಫೋಟೋಗಳನ್ನು ಮುಂದಿಟ್ಟುಕೊಂಡು ಓದಿದ್ದು. ಈ ಕಡಲನ್ನು ಅವನು ಕಣ್ಣಾರೆ ಕಾಣುತ್ತಿರುವುದು ಇದೇ ಮೊದಲು, ಅದೂ ಕಾಣುತ್ತಿಲ್ಲ.

ದನಿ ಕೊಡುವುದು ಅವನ ಕಸುಬು. ರೈಲು ನಿಲ್ದಾಣ, ಬ್ಯಾಂಕಿನ ಫೋನು, ಲಿಫ್ಟು. ಗಂಟಲು ಕೆಟ್ಟೀತೆಂದು ಮನೆಯಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. "ಲಿಫ್ಟಲ್ಲಿ ನಿಂತಾಗ ಮಾತ್ರ ನೀನು ನನ್ನ ಜೊತೆ ಮಾತಾಡೋದು," ಎಂದಿದ್ದಳು ಹೆಂಡತಿ. ಒಳ್ಳೆಯ ತಮಾಷೆ ಎಂದುಕೊಂಡು ಅವನು ನಕ್ಕಿದ್ದ. ಅವಳು ನಕ್ಕಿರಲಿಲ್ಲ. ಆಮೇಲೆ ಮಗಳನ್ನು ಕರೆದುಕೊಂಡು ಬೇರೆ ಮನೆ ಮಾಡಿದಳು. ತಿಂಗಳಿಗೊಂದು ಭಾನುವಾರ ಮಗಳು ಅವನ ಪಾಲಿಗೆ.

ಇದು ಕೊನೆಯ ಭಾನುವಾರ. ಬುಧವಾರ ತಾಯಿ ಮಗಳು ದೂರದ ಊರಿಗೆ ಹೊರಡುತ್ತಾರೆ. ಅಲ್ಲಿ ತಾಯಿಗೆ ಹೊಸ ಕೆಲಸ. "ಫೋನ್ ಇದ್ದೇ ಇದೆಯಲ್ಲ," ಎಂದು ಬೆಳಿಗ್ಗೆ ಗೇಟಿನ ಬಳಿ ಹೆಂಡತಿ ಹೇಳಿದ್ದಳು. ಅಂದರೆ ಇನ್ನು ಮಗಳ ಪಾಲಿಗೆ ಅವನು ಬರೀ ಒಂದು ದನಿ. ಅದನ್ನು ಅವಳು ಗುರುತು ಹಿಡಿಯುತ್ತಾಳೋ ಇಲ್ಲವೋ ನೋಡಬೇಕೆಂದೇ ಈ ಮಳೆಯಲ್ಲಿ ಲಾಂಚು ಹತ್ತಿಸಿದ್ದ. ತಾನಾಗಿ ಬಾಯಿ ಬಿಡಬಾರದು. ಬಿಟ್ಟರೆ ಏನು ಬಂತು?

ಒಂಬತ್ತರ ಹುಡುಗಿ ಕಿವಿಗೊಟ್ಟು ಕೇಳುತ್ತಿದ್ದಳು.

"ಅಪ್ಪ."

"ಹೇಳು ಪುಟ್ಟಿ."

"ಈ ಅಂಕಲ್‌ಗೆ ಮಳೆ ಬರ್ತಿರೋದು ಗೊತ್ತೇ ಇಲ್ವಾ?"

"ಗೊತ್ತಿಲ್ಲ ಅನ್ಸುತ್ತೆ."

"ಪಾಪ."

ಅವನು ಕೆಮ್ಮಿದ. "ದನಿ ಹೇಗಿದೆ?"

"ಚೆನ್ನಾಗಿದೆ. ಟೀವಿಯವರ ಥರ. ಯಾಕೆ?"

"ಸುಮ್ಮನೆ ಕೇಳಿದೆ."

ಕೈಗೆ ಕೆಲಸ ಬೇಕಾಗಿ ಅವಳ ರೇನ್‌ಕೋಟಿನ ಮೇಲಿನ ಗುಂಡಿ ಹಾಕಿದ. "ಉಸಿರು ಕಟ್ಟುತ್ತೆ," ಎಂದು ಅವಳು ಬಿಚ್ಚಿಕೊಂಡಳು.

ಭೂಶಿರದ ಬಳಿ ಲಾಂಚು ವಾಪಸ್ ತಿರುಗಿತು. ಮಳೆ ನಿಂತಿತ್ತು. ಧ್ವನಿವರ್ಧಕ ಮತ್ತೆ ಮೊದಲಿನಿಂದ ಶುರುವಾಯಿತು: ನಮಸ್ಕಾರ, ಸ್ವಾಗತ. ಅವನು ಎದ್ದು ಚಾಲಕನ ಬಳಿ ಹೋದ.

"ಇದು ಹೋಗುವಾಗ ಹಾಕೋದಲ್ವಾ?"

"ಬರುವಾಗಿಂದು ಮಾಡಿಸೇ ಇಲ್ಲ ಸಾರ್."

ಅದು ಅವನಿಗೆ ಗೊತ್ತಿತ್ತು. ಬರುವಾಗಿನದನ್ನೂ ಓದುತ್ತೀರಾ ಎಂದು ಅವತ್ತು ಸ್ಟುಡಿಯೋದಲ್ಲಿ ಕೇಳಿದ್ದರು. "ವಾಪಸ್ ಬರುವಾಗ ಯಾರು ಕೇಳ್ತಾರೆ?" ಎಂದಿದ್ದವನು ಅವನೇ.

"ಹಾಗಾದ್ರೆ ಆಫ್ ಮಾಡಿಬಿಡಿ."

"ಆಫ್ ಮಾಡಿದ್ರೆ ಗಲಾಟೆ ಮಾಡ್ತಾರೆ ಸಾರ್. ಸುಮ್ಮನೆ ಕೂತ್ಕೊಂಡು ಬರೋಕೆ ಜನಕ್ಕೆ ಆಗಲ್ಲ."

ಅವನು ಬಂದು ಮಗಳ ಪಕ್ಕ ಕುಳಿತ. ಅರ್ಧ ದಾರಿ ಕಳೆದಿತ್ತು.

"ನಿಮ್ಮ ಎಡಕ್ಕೆ ನೋಡಿ."

ಇಪ್ಪತ್ತು ತಲೆಗಳು ಎಡಕ್ಕೆ ತಿರುಗಿದವು. ಎಡಕ್ಕೆ ಈಗ ಬರೀ ನೀರು. ದಡವಿದ್ದದ್ದು ಬಲಕ್ಕೆ. ಅಲ್ಲಿ ಮಂಜು ಬಿಟ್ಟುಕೊಂಡಿತ್ತು, ದೀಪಸ್ತಂಭ ನಿಂತಿತ್ತು. ಫೋಟೋದಲ್ಲಿ ಕಂಡದ್ದಕ್ಕಿಂತ ಗಿಡ್ಡ, ಒಂದು ಮಗ್ಗುಲಿನ ಬಣ್ಣ ಪೂರಾ ಎದ್ದುಹೋಗಿದೆ. ಅವನಿಗೆ ಮಗುವಿನಂಥ ಖುಷಿಯಾಯಿತು.

"ಪುಟ್ಟಿ, ಬಲಕ್ಕೆ! ಈ ಕಡೆ ನೋಡು, ಇಲ್ಲಿದೆ!"

ದನಿ ಒಡೆದು ಕೀರಲಾಗಿ ಬಂತು. ಅಂಥ ದನಿಯನ್ನು ಯಾವ ಸ್ಟುಡಿಯೋದವರೂ ಒಪ್ಪುತ್ತಿರಲಿಲ್ಲ. ಮಗಳು ತಿರುಗದೆ, ತುಟಿಯ ಮೇಲೆ ಬೆರಳಿಟ್ಟಳು.

"ಶ್... ಇರಪ್ಪ, ಅವರು ಹೇಳ್ತಿದಾರೆ."

ಅವನು ಬಾಯಿ ಮುಚ್ಚಿದ. "ನೂರಿಪ್ಪತ್ತು ವರ್ಷಗಳಿಂದ ಒಂಟಿಯಾಗಿ..." ಎಂದು ಮೇಲಿನಿಂದ ಅವನೇ ಹೇಳತೊಡಗಿದ. ಮಗಳು ಕತ್ತು ಚಾಚಿ ಖಾಲಿ ನೀರಿನಲ್ಲಿ ಹುಡುಕುತ್ತಿದ್ದಳು. ಅವಳ ಬೆನ್ನ ಹಿಂದೆ ದೀಪಸ್ತಂಭ ಒಂದು ಗಳಿಗೆ ಪೂರ್ತಿಯಾಗಿ ಕಂಡು, ಮತ್ತೆ ಮಂಜಿನೊಳಗೆ ಹೋಯಿತು.