ನೀರು ಅಲುಗಾಡದ ಜಾಗ

ಟೀಸಿ ಸಾಹೇಬರು ನಿವೃತ್ತರಾಗಿದ್ದು ಕೆಲಸದಿಂದ, ಅನುಮಾನದಿಂದ ಅಲ್ಲ. ರೈಲಿನಲ್ಲಿ ಟಿಕೆಟ್ ಇಲ್ಲದವರನ್ನು ಮುಖ ನೋಡಿಯೇ ಹಿಡಿಯುತ್ತಿದ್ದ ಮನುಷ್ಯ. ಹಗ್ಗ ಕಂಡರೂ ಹಾವಲ್ಲ ಅನ್ನೋದಕ್ಕೆ ಏನು ಆಧಾರ ಎನ್ನುವ ಪೈಕಿ.

ಎದೆಯಲ್ಲಿ ಗಂಟು ಎಂದ ಹೆಂಡತಿಯನ್ನು ಸ್ಕ್ಯಾನಿಂಗ್‌ಗೆ ಕರೆತಂದ ದಿನ ಅವರ ಕಣ್ಣಿಗೆ ಮೊದಲು ಬಿದ್ದದ್ದೇ ಮೋಸ. ಪಕ್ಕದ ಕುರ್ಚಿಯ ಹೆಂಗಸಿಗೆ ಚಿತ್ರ ಸ್ಪಷ್ಟ ಬರಲೆಂದು ಕೈಗೆ ಡೈ ಚುಚ್ಚಿದರು, ಇವಳಿಗೆ ಚುಚ್ಚಲಿಲ್ಲ.

"ಇವಳಿಗ್ಯಾಕಿಲ್ಲ? ಕೈಬಿಟ್ಟ ಕೇಸು ಅಂತಾನಾ?"

"ಇವರ ಕಿಡ್ನಿ ವೀಕ್ ಇದೆಯಲ್ಲ ಸಾರ್, ಡೈ ಬೇಡ," ಎಂದರು ಡಾಕ್ಟರಮ್ಮ. "ಎಂಆರ್‌ಐನಲ್ಲೇ ಇನ್ನೊಂದು ದಾರಿ ಇದೆ. ಮೈಯೊಳಗಿನ ನೀರು ಎಲ್ಲಿ ಸರಾಗ ಓಡಾಡುತ್ತೆ, ಎಲ್ಲಿ ಸಿಕ್ಕಿಕೊಂಡಿದೆ ಅಂತ ನೋಡ್ತೀವಿ."

ನೀರು ನೋಡುತ್ತಾರಂತೆ! ಇವರೇನು ಬಾವಿ ತೋಡುವವರಾ? ಸಾಹೇಬರಿಗೆ ನಂಬಿಕೆ ಬರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಕೊರೆಯುತ್ತಿದ್ದವಳು ನಾದಿನಿ. ಕರೆಯದೆ ಬಂದು ಅಕ್ಕನ ಕಿವಿಯಲ್ಲಿ ಗುಸುಗುಸು ಅನ್ನುತ್ತಿದ್ದಳು. ಇವರು ಹತ್ತಿರ ಹೋದರೆ ಇಬ್ಬರೂ ಗಪ್‌ಚಿಪ್. ಏನೋ ಮುಚ್ಚಿಡುತ್ತಿದ್ದಾರೆ, ಅದರಲ್ಲಿ ಅನುಮಾನವೇ ಇಲ್ಲ.

ಗುಡುಗುವ ಯಂತ್ರದೊಳಗೆ ಬೋರಲು ಮಲಗಿದ್ದ ಹೆಂಡತಿ ಹೊರಬಂದ ಮೇಲೆ ಡಾಕ್ಟರಮ್ಮ ಮೂವರನ್ನೂ ತಮ್ಮ ಕೋಣೆಗೆ ಕರೆದರು. ಪರದೆಯ ಮೇಲೆ ಎರಡು ಚಿತ್ರ. ಮೊದಲನೆಯದರಲ್ಲಿ ಒಂದು ಬಿಳಿ ಚುಕ್ಕೆ.

"ಬೆಳ್ಳಗಿರೋದೆಲ್ಲ ಹಾಲಲ್ಲ ಡಾಕ್ಟ್ರೇ," ಎಂದರು ಸಾಹೇಬರು.

"ನಿಜ. ಬರೀ ನೀರುಗುಳ್ಳೆಯೂ ಹೀಗೆ ಹೊಳೀಬಹುದು. ಅದಕ್ಕೇ ಈ ಎರಡನೇ ಚಿತ್ರ. ಗುಳ್ಳೆ ಆಗಿದ್ರೆ ಇಲ್ಲೂ ಬೆಳ್ಳಗಿರ್ತಿತ್ತು. ಕಪ್ಪಗಿದೆ ನೋಡಿ, ಅಲ್ಲಿ ನೀರು ಅಲುಗಾಡೋಕೆ ಜಾಗ ಇಲ್ಲ. ಒಳ್ಳೇ ಲಕ್ಷಣ ಅಲ್ಲ ಸಾರ್. ಸೂಜಿಯಿಂದ ಚೂರು ತೆಗೆದು ಪರೀಕ್ಷೆ ಮಾಡ್ಲೇಬೇಕು." ಹೆಂಡತಿಯ ಕಡೆ ತಿರುಗಿದರು. "ಗಂಟು ಕೈಗೆ ಸಿಕ್ಕಿ ಎಷ್ಟು ದಿನ ಆಯ್ತಮ್ಮ?"

"ಹೋದ ವಾರ," ಎಂದರು ಸಾಹೇಬರೇ.

"ಇನ್ನಾದ್ರೂ ಹೇಳಕ್ಕ," ಎಂದಳು ನಾದಿನಿ.

"ವರ್ಷ ಆಯ್ತು," ಎಂದಳು ಹೆಂಡತಿ.

ಸಾಹೇಬರ ಅನುಮಾನ ನಿಜವಾಗಿತ್ತು. ಜೀವನದಲ್ಲಿ ಮೊದಲ ಸಲ ಅದು ಸುಳ್ಳಾಗಬಾರದಿತ್ತೇ ಅನ್ನಿಸಿತು.

"ನನಗ್ಯಾಕೆ ಹೇಳ್ಲಿಲ್ಲ?"

"ಬಲಗಾಲು ನೋವು ಅಂದ್ರೆ ನಿನ್ನೆ ಎಡಗಾಲು ಅಂದಿದ್ದೆ ಅಂತೀರಿ. ಜ್ವರ ಅಂದ್ರೆ ಎರಡೆರಡು ಸಲ ಥರ್ಮಾಮೀಟರ್ ಇಡ್ತೀರಿ. ನೋವೇ ಇಲ್ಲದ ಗಂಟನ್ನ ನಿಮಗೆ ಹೇಗೆ ನಂಬಿಸ್ಲಿ? ಸಾಕ್ಷಿ ಎಲ್ಲಿತ್ತು ನನ್ನ ಹತ್ರ?" ಅವಳು ಪರದೆಯ ಕಡೆ ಕೈ ತೋರಿಸಿದಳು. "ಈಗ ಸಿಕ್ತಲ್ಲ, ನೋಡ್ಕೊಳ್ಳಿ."

"ನಂಬ್ತೀನಿ ಕಣೇ," ಎಂದರು ಸಾಹೇಬರು, ಒಂದು ವರ್ಷ ತಡವಾಗಿ.