ಬಳೆ ನುಂಗಿದ ಡಬ್ಬಿಗಳು

ದಾಂಡೇಲಿಯಲ್ಲಿ ಕಿವಿ ಇದ್ದವರು ಯಾರೂ ಇಲ್ಲವೆಂಬುದು ಶಿವಲಿಂಗಪ್ಪನ ಖಚಿತ ಅಭಿಪ್ರಾಯವಾಗಿತ್ತು. ಬಸ್‌ಸ್ಟ್ಯಾಂಡಿನ ಹೋಟೆಲಿನವನು ಹಾಡು ಹಚ್ಚುವುದು ಗಿರಾಕಿಗಳ ಜಗಳ ಕೇಳಬಾರದೆಂದು. ಆಟೋದವರು ಹಚ್ಚುವುದು ಸೀಟಿನ ಹಿಂದಿನ ಸ್ಪೀಕರ್ ಡಬ್ಬಿ ಬೆನ್ನಿಗೆ ಗುದ್ದಲೆಂದು. ಕಾಗದದ ಮಿಲ್ಲಿನ ಸಾಹೇಬರ ಬಂಗಲೆಯ ಗಾಜಿನ ಕಪಾಟಿನಲ್ಲಿದ್ದ ಸ್ಟೀರಿಯೋವಂತೂ ಬಂದವರು ನೋಡಿ ಹೋಗಲೆಂದೇ ಇತ್ತು. ಹಾಡನ್ನು ಹಾಡೆಂದು ಕೇಳುವವನು ಇಡೀ ಊರಿಗೆ ಮಿಲ್ಲಿನ ಮಶೀನ್ ಹೌಸಿನ ಶಿವಲಿಂಗಪ್ಪ ಒಬ್ಬನೇ.

ಕೇಳುವುದಕ್ಕೂ ಅವನದೊಂದು ಪದ್ಧತಿಯಿತ್ತು. ಕ್ವಾರ್ಟರ್ಸಿನ ನಡುಮನೆಯ ಮೇಜಿನ ಮೇಲೆ ಎರಡು ಆಂಪ್ಲಿಫೈಯರು, ಗೋಡೆಯ ಮೊಳೆಗೆ ಮೂರು ಹೆಡ್‌ಫೋನು. ಹುಬ್ಬಳ್ಳಿಯಲ್ಲಿ ಹೇಳಿ ಕಟ್ಟಿಸಿದ, ಎತ್ತಿದರೆ ಸೊಂಟ ಹಿಡಿಯುವಂಥ ಆಂಪ್ಲಿಫೈಯರಿಗೆ ದಪ್ಪ ಗಾದಿಯ ಹೆಡ್‌ಫೋನು ಹಚ್ಚಿದರೆ ಭಜನೆ, ನಾಟಕದ ಹಾಡು. ಗೋವಾದಿಂದ ತರಿಸಿದ ಸಣ್ಣದಕ್ಕೆ ಸ್ಪಂಜಿನ ಹೆಡ್‌ಫೋನು ಹಚ್ಚಿದರೆ ವಚನ, ಭಾವಗೀತೆ. ಸಿನಿಮಾ ಹಾಡಿಗೆ ಮೂರನೆಯದು. ಅದನ್ನು ಅವನು ಹೆಚ್ಚಾಗಿ ಮುಟ್ಟುತ್ತಿರಲಿಲ್ಲ. ಜೋಡಿ ಅದಲುಬದಲು ಮಾಡಿದವರನ್ನು ಕ್ಷಮಿಸುತ್ತಲೂ ಇರಲಿಲ್ಲ.

“ಭಾರೀ ಹೆಡ್‌ಫೋನಿಗೆ ಬಡಕ ಆಂಪ್ಲಿಫಾಯರ್ ಹಚ್ಚೂದಂದ್ರ ಕಬ್ಬಿನ ಗಾಡಿಗೆ ಆಡು ಕಟ್ಟಿದ್ಹಂಗ. ಎಳೀತೈತೇನಲೇ ಈರ್ಯಾ? ಸ್ಪಂಜಿಂದಕ್ಕ ದೊಡ್ಡದು ಹಚ್ಚಿದ್ರ ಹಾಡಿಗಿಂತ ಮೊದಲ ಝುಂಯ್ ಅನ್ನೂದ ಕೇಳ್ತೈತಿ.”

“ಖರೆ ಐತ್ರಿ ಮಾಮಾ,” ಎನ್ನುವನು ಈರೇಶ. ಇವನು ಶಿವಲಿಂಗಪ್ಪನ ಹೆಂಡತಿ ನೀಲಕ್ಕನ ತಮ್ಮ. ಬಸ್‌ಸ್ಟ್ಯಾಂಡಿನ ಎದುರು ಕ್ಯಾಸೆಟ್ ಅಂಗಡಿ ಇಟ್ಟವನು. ಮಾಮಾ ಅಂದದ್ದೆಲ್ಲ ಖರೆ ಎನ್ನುವುದರಿಂದಲೇ ಅವನ ಅಂಗಡಿ ಅರ್ಧ ನಡೆಯುತ್ತಿತ್ತು.

ಇಷ್ಟೆಲ್ಲ ಸರಂಜಾಮು ಬಂದದ್ದು ಒಂದು ಕ್ಯಾಸೆಟ್ಟಿನ ಸಲುವಾಗಿ. ಹಳಿಯಾಳದ ಕಡೆಯ ಹಳ್ಳಿಯಲ್ಲಿ, ಮುತ್ತೈದೆಯಾಗಿಯೇ ಹೋದ ಅವನ ತಾಯಿ ಹೊಳೆವ್ವ ಬೀಸುಕಲ್ಲಿನ ಮುಂದೆ ಕೂತು ಹಾಡಿದ್ದನ್ನು ಅವನೇ ಟೇಪ್ ಮಾಡಿಕೊಂಡಿದ್ದ. ನುಡಿ ಮುಗಿದಲ್ಲೆಲ್ಲ ಮುದುಕಿ ಕೈ ಬದಲಿಸುತ್ತಿದ್ದಳು. ಆಗ ಗಾಜಿನ ಬಳೆಗಳು ಜಾರಿ, ಕಲ್ಲಿನ ಗೂಟಕ್ಕೆ ಬಡಿದು ಕಿಣಿ ಎನ್ನುತ್ತಿದ್ದವು. ಮೊದಮೊದಲು ಆ ಸಪ್ಪಳ ಕೇಳುತ್ತಿತ್ತು. ಬರಬರುತ್ತ ತೆಳ್ಳಗಾಯಿತು. ಈಗ ಹಾಡಿದೆ, ಕಲ್ಲಿನ ಗುರ್ರ್ ಇದೆ, ಬಳೆ ಇಲ್ಲ. ಬಳೆಯಿಲ್ಲದ ಆ ಹಾಡು ಅವನಿಗೆ ಯಾರೋ ಮುದುಕಿಯ ಹಾಡಿನಂತಿತ್ತು. ಸರಿಯಾದ ಜೋಡಿ ಸಿಕ್ಕರೆ ಅವ್ವನ ಕೈ ತಿರುಗಿ ಬಂದೀತೆಂದು ಅವನು ಡಬ್ಬಿ ಬದಲಿಸುತ್ತಲೇ ಇದ್ದ.

ವಾರದ ರಜೆಯ ದಿನ ಈರೇಶ ಆಟೋದಲ್ಲಿ ಇನ್ನೊಂದು ಆಂಪ್ಲಿಫೈಯರು ಹೇರಿಕೊಂಡು ಬಂದ.

“ಬೀಸೂ ಪದಕ್ಕಂತನ ಮಾಡಿದ್ಹಂಗ ಐತ್ರಿ ಮಾಮಾ.”

“ಬೀಸೂ ಪದ ನಿನಗೇನ್ ಗೊತ್ತಲೇ? ಗಿರಣಿ ಹಿಟ್ಟು ತಿಂದು ಬೆಳದಾಂವ.”

ಶಿವಲಿಂಗಪ್ಪ ಗಾದಿಯ ಹೆಡ್‌ಫೋನು ಏರಿಸಿ, ಚೂಪು ದನಿ ಏರಿಸುವ ಟ್ರೆಬಲ್ ಗುಂಡಿಯನ್ನು ಕೊನೆಮುಟ್ಟ ತಿರುವಿ, ಕಣ್ಣು ಮುಚ್ಚಿದ. ಹಾಡು. ಗುರ್ರ್. ಮತ್ತೆ ಹಾಡು. ಕಣ್ಣು ತೆರೆದ.

“ಇದೂ ಬಳಿ ನುಂಗೇತಿ! ಕಟ್ಟಿದವನ ಕಿವ್ಯಾಗ ಮೇಣ ತುಂಬಿತ್ತೇನು?”

“ಕ್ಯಾಸೆಟ್ಟ ಸವದಿರಬೇಕ್ರಿ. ಇಲ್ಲಾ, ಹೆಡ್‌ಫೋನ್ ಬದಲಿ ಮಾಡಿ ನೋಡೂಣು.”

ಅಷ್ಟರಲ್ಲಿ ನೀಲಕ್ಕ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದಳು. “ಊಟಕ್ಕ ಏಳ್ರಿ. ರೊಟ್ಟಿ ಆರಾಕತ್ತಾವ.”

“ಬಾ ಇಲ್ಲೆ. ಒಲಿ ಮುಂದ ಕುಂತ ಕಿವಿಗೆ ಏನ್ ತಿಳದೀತು, ಆದ್ರೂ ಕೇಳು,” ಎಂದು ಹೆಡ್‌ಫೋನನ್ನು ಅವಳ ತಲೆಗೆ ಸಿಕ್ಕಿಸಿದ.

ನೀಲಕ್ಕ ಮುಖ ಕಿವುಚಿದಳು. “ಅಯ್ಯಯ್ಯ, ಹಿಂಗ್ಯಾಕ ಇಟ್ಟೀರಿ! ಅತ್ತಿ ಬಳಿ ಕಿವ್ಯಾಗ ಚುಚ್ಚತಾವ.”

ಈರೇಶ ಆಂಪ್ಲಿಫೈಯರಿನ ಮೇಲಿನ ಧೂಳು ಒರೆಸತೊಡಗಿದ. ಅದರ ಮೇಲೆ ಧೂಳಿರಲಿಲ್ಲ.

“ಯಾವ ಬಳಿ?” ಎಂದ ಶಿವಲಿಂಗಪ್ಪ.

“ಇದರಾಗ ಎಷ್ಟು ಮಂದಿ ಬಳಿ ಅದಾವ? ನಿಮ್ಮವ್ವನ ಬಳಿ.”

ಸುಳ್ಳು ಎಂದುಕೊಂಡ. ಪರೀಕ್ಷೆ ಮಾಡಿಯೇ ಬಿಡಬೇಕೆಂದು ಹುಬ್ಬಳ್ಳಿಯ ದೊಡ್ಡ ಡಬ್ಬಿಯ ಎರಡು ತೂತುಗಳಲ್ಲಿ ಒಂದಕ್ಕೆ ಗಾದಿಯದನ್ನು ತನಗೆ, ಇನ್ನೊಂದಕ್ಕೆ ಸ್ಪಂಜಿನದನ್ನು ಅವಳಿಗೆ ಹಚ್ಚಿದ. ತಾನು ಎಂದೂ ಕ್ಷಮಿಸದ ಜೋಡಿಯದು. “ಬಳಿ ಬಂದಲ್ಲೆ ಬೆರಳ ಎತ್ತು.”

ನುಡಿ ಮುಗಿದಲ್ಲೆಲ್ಲ ಬೆರಳು ಎದ್ದಿತು. ಊಹೆಯಿಂದ ಎತ್ತುತ್ತಾಳೆ ಎಂದುಕೊಂಡ. ಆದರೆ ಒಂದು ನುಡಿಯ ನಡುವೆ ಹೊಳೆವ್ವ ಸೆರಗು ಸರಿಮಾಡಿಕೊಂಡಿದ್ದಳು. ಅಲ್ಲಿಯೂ ಬಳೆ ಸಪ್ಪಳವಾಗಿತ್ತು. ಎದುರಿಗೆ ಕೂತು ಟೇಪ್ ಮಾಡಿದ ಅವನೊಬ್ಬನಿಗೇ ಗೊತ್ತಿದ್ದ ಜಾಗವದು. ಬೆರಳು ಅಲ್ಲಿಯೂ ಎದ್ದಿತು.

ಶಿವಲಿಂಗಪ್ಪ ಟೇಪ್ ನಿಲ್ಲಿಸಿದ.

ನೀಲಕ್ಕ ಹೆಡ್‌ಫೋನು ಕೊರಳಿಗಿಳಿಸಿ ಅವನ ಮುಖ ನೋಡಿದಳು. “ಮಿಲ್‌ನ್ಯಾಗ ಕಿವಿಗೆ ಇಟಕೊಳ್ರೆಂತ ಬುಚ್ಚ ಕೊಟ್ರ ಏನ್ ಮಾಡತಿದ್ರಿ?”

ಮಶೀನ್ ಹೌಸಿನಲ್ಲಿ ಯಂತ್ರಗಳ ಗದ್ದಲಕ್ಕೆ ಬುಚ್ಚು ಹಾಕಿಕೊಂಡವರನ್ನು ಬಾಣಂತಿ ಎಂದು ಕರೆಯುವುದನ್ನು ಶುರುಮಾಡಿದವನೇ ಅವನು. ‘ಏ ಬಾಣಂತಿ, ಕಿವ್ಯಾಗ ಅರಳಿ ಇಟಗೊಂಡೀ, ತಲಿಗೂ ಒಂದು ಬಟ್ಟಿ ಕಟಗೋ’ ಎಂದರೆ ಇಡೀ ಶಿಫ್ಟು ನಗುತ್ತಿತ್ತು. ಬರಿಗಿವಿಯಿಂದ ಯಂತ್ರದ ಬೇರಿಂಗಿನ ಬೇನೆ ಹಿಡಿಯುವವನೇ ಗಂಡಸು ಎನ್ನುತ್ತಿದ್ದ.

“ಆ ಬಾಣಂತ್ಯಾರೆಲ್ಲಾ ಚೆಂದಾಗಿ ಕೇಳಾಕತ್ತಾರ,” ಎಂದಳು ನೀಲಕ್ಕ. “ಗಂಡಸಂತ ನೀವೊಬ್ರ ಉಳದೀರಿ. ಕಿವಿ ಮಿಲ್ಲಿಗೆ ಕೊಟ್ಟು ಬಂದು ಇಲ್ಲಿ ಡಬ್ಬಿಗೋಳನ್ನ ಬೈತೀರಿ.”

“ಮಾಮಾ,” ಈರೇಶ ಗಂಟಲು ಸರಿಮಾಡಿಕೊಂಡ, “ಮಂದ ಕಿವ್ಯಾವ್ರಿಗಂತನ ಒಂದು ಹೆಡ್‌ಫೋನ್ ಬಂದೈತಂತ...”

“ನಿನ್ನ ಡಬ್ಬಿ ಎತಗೊಂಡು ನಡೀಲೇ!”

ಆಂಪ್ಲಿಫೈಯರನ್ನು ಅಪ್ಪಿಕೊಂಡು ಈರೇಶ ಹೊರಟುಹೋದ. ಶಿವಲಿಂಗಪ್ಪ ತನ್ನ ಹೆಡ್‌ಫೋನು ತೆಗೆದು ಮೊಳೆಗೆ ಹಾಕಿದ. ಕ್ಯಾಸೆಟ್ಟನ್ನು ಮೊದಲಿಗೆ ತಿರುಗಿಸಿದ.

“ಇನ್ನೊಮ್ಮೆ ಕೇಳು. ಬೆರಳ ಎತ್ತು.”

“ರೊಟ್ಟಿ?”

“ಆರಲಿ.”

ನೀಲಕ್ಕ ಗೊಣಗುತ್ತ ಕೂತು ಸ್ಪಂಜನ್ನು ಕಿವಿಗೇರಿಸಿದಳು. ಅವನು ಎದುರಿಗೆ ಕೂತು ಅವಳ ಕೈಯನ್ನೇ ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ ಬೆರಳು ಮೇಲೆದ್ದಿತು. ಅದರೊಂದಿಗೆ ಅವಳ ಮಣಿಕಟ್ಟಿನ ಹಸಿರು ಗಾಜಿನ ಬಳೆಗಳು ಮೊಳಕೈಯತ್ತ ಜಾರಿ ಒಂದಕ್ಕೊಂದು ಬಡಿದವು. ಬಡಿದದ್ದು ಅವನಿಗೆ ಕಾಣಿಸಿತು, ಅಷ್ಟೇ.